ಬರೀ ಬರ್ಗರ್ ಮೇಲೆ ತಪ್ಪು ಹೊರಿಸಿದರೆ ಹೇಗೆ?

ಅಮೆರಿಕಕ್ಕೆ ಬಂದ ಲ್ಯಾಟಿನೋ (ಮೆಕ್ಸಿಕೋ, ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ) ವಲಸಿಗರು ವರ್ಷ ಕಳೆದಂತೆ ದಪ್ಪಗಾಗುತ್ತಾರೆ, ಅದಕ್ಕೆ ಇಲ್ಲಿನ ಫಾಸ್ಟ್ ಫುಡ್ ಕಾರಣ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಸರಿ. ಆದರೆ ಮೆಕ್ಸಿಕೋದವರು ಸೋಡಾ (ಕೋಲಾದಂಥ ಸಿಹಿ ಪಾನೀಯ) ಕುಡಿಯೋದನ್ನು ಇಲ್ಲಿಗೆ ಬಂದು ಕಲಿಯಬೇಕಾಗಿಲ್ಲ. ಅಲ್ಲಿ ಅದರ ಹಾವಳಿ ಎಷ್ಟಿತ್ತೆಂದರೆ, 2014ರಲ್ಲಿ ಸರ್ಕಾರ ಸಿಹಿ ಪಾನೀಯಕ್ಕೆ ಲೀಟರಿಗೆ 1 ಪೆಸೊ ತೆರಿಗೆ ಹಾಕಿತು. 355 ಎಂಎಲ್‌ನ ಒಂದು ಕೋಕಾ ಕೋಲಾ ಕ್ಯಾನ್‌ನಲ್ಲಿ 39 ಗ್ರಾಂ ಸಕ್ಕರೆ ಇದೆ, ಸುಮಾರು 10 ಚಮಚ! ನಲ್ಲಿ ನೀರನ್ನು ನಂಬದ ಊರಿಂದ ಬಂದವರು ಇಲ್ಲೂ ಸೋಡಾ ಬಾಟಲಿಗೇ ಕೈ ಹಾಕುತ್ತಾರೆ.

ಅವರ ಮನೆ ಊಟ ಮಾತ್ರ ಚೆನ್ನಾಗಿದೆ. ಕ್ಯಾಲಿಫೋರ್ನಿಯಾದ ಯಾವುದಾದರೂ ಮೆಕ್ಸಿಕನ್ ಅಂಗಡಿಗೆ ಹೋಗಿ ನೋಡಿ. ನೋಪಾಲ್, ಅಂದರೆ ಪಾಪಸುಕಳ್ಳಿಯ ಚಪ್ಪಟೆ ದಂಟು, ಮುಳ್ಳು ಕೆರೆದು ಸಣ್ಣಗೆ ಹೆಚ್ಚಿ ಇಟ್ಟಿರುತ್ತಾರೆ. ಪಕ್ಕದಲ್ಲಿ ಕಪ್ಪು ಬೀನ್ಸ್, ಮೆಕ್ಕೆಜೋಳದ ಟೋರ್ಟಿಯಾ (ತೆಳು ರೊಟ್ಟಿ). ಇದನ್ನು ಬಿಟ್ಟು ಸಲಾಡ್ ತಿನ್ನಿ ಅಂತ ಹೇಳೋದು ಯಾಕೆ? ಮೈದಾ ಟೋರ್ಟಿಯಾ ಬದಲು ಮೆಕ್ಕೆಜೋಳದ್ದೇ ತಿನ್ನಿ, ಬೀನ್ಸ್‌ಗೆ ಕೊಬ್ಬು ಕಡಿಮೆ ಹಾಕಿ ಅಂದರೆ ಸಾಕಲ್ವಾ?

ನಿಜವಾದ ಕಷ್ಟ ಸಮಯದ್ದು. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಮಧುಮೇಹ ತಡೆ ಅಧ್ಯಯನದ ಗುರಿ, ತೂಕ ಶೇ. 7 ಇಳಿಸಿ ವಾರಕ್ಕೆ 150 ನಿಮಿಷ ನಡೆಯೋದು. ಅದರಿಂದ ಮಧುಮೇಹದ ಅಪಾಯ ಶೇ. 58 ಇಳಿಯಿತು. ಆದರೆ ಹಗಲು ಹೋಟೆಲ್ ಅಡುಗೆಮನೆ, ರಾತ್ರಿ ಆಫೀಸ್ ಕ್ಲೀನಿಂಗ್ ಮಾಡುವವರಿಗೆ ಆ 150 ನಿಮಿಷ ಎಲ್ಲಿಂದ ಬರಬೇಕು? ವಲಸೆಯ ಕಾಗದಪತ್ರ ಇಲ್ಲದವರಿಗೆ ಸರ್ಕಾರದ ಫುಡ್ ಸ್ಟ್ಯಾಂಪ್ (ಬಡವರಿಗೆ ಆಹಾರ ಕೊಳ್ಳಲು ಕೊಡುವ ನೆರವು) ಕೂಡ ಸಿಗೋದಿಲ್ಲ. ಲೇಖನದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ.