ಥಾಯ್ಲೆಂಡಿನ ನಕ್ಷೆ ಮತ್ತು ಥೊಂಗ್‌ಚಾಯ್ ಎಂಬ ತಂಟೆಕೋರ ಇತಿಹಾಸಕಾರ

2025ರ ಜುಲೈನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯ ಗಡಿಯ ವಿಷಯಕ್ಕೆ ಐದು ದಿನ ಹೊಡೆದಾಡಿಕೊಂಡವು. ರಾಕೆಟ್, ಫಿರಂಗಿ, ಎಫ್-16 ವಿಮಾನ, ಎಲ್ಲ ಬಂತು. ಹತ್ತಾರು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಆ ವಾರ ನನ್ನ ಫೋನಿನ ತುಂಬ ಬರೀ ನಕ್ಷೆಗಳು. ಒಬ್ಬ ಕಾಂಬೋಡಿಯವನ್ನು ಫ್ರೆಂಚರು ಆಳಿದ ಕಾಲದ್ದು ಹಾಕಿದರೆ, ಇನ್ನೊಬ್ಬ ಅಲ್ಲಿನ ಹಳೇ ಖ್ಮೇರ್ ಸಾಮ್ರಾಜ್ಯದ್ದು ಅಂತ ಬಣ್ಣ ಬಳಿದ ಯಾವುದೋ ಚಿತ್ರ ಹಾಕುತ್ತಿದ್ದ. ಬ್ಯಾಂಕಾಕಿಗೆ ಟೂರ್ ಹೋಗಿ ಬಂದ ನಮ್ಮವರೂ ಒಂದಿಬ್ಬರು ಮಧ್ಯೆ ನಿಂತು ಪಂಚಾಯ್ತಿ ಮಾಡುತ್ತಿದ್ದರು. ಇವರಿಗೆಲ್ಲ ಒಬ್ಬರ ಹೆಸರು ಹೇಳಬೇಕು ಅಂತ ಆಗಿನಿಂದಲೂ ಅಂದುಕೊಳ್ಳುತ್ತಲೇ ಇದ್ದೆ. ಥೊಂಗ್‌ಚಾಯ್ ವಿನಿಚ್ಚಾಕುಲ್. ಥಾಯ್ಲೆಂಡಿನವರು, ಇತಿಹಾಸಕಾರರು. ತಮ್ಮ ದೇಶದ ನಕ್ಷೆ ಎಲ್ಲಿಂದ ಬಂತು ಅಂತ ಕೇಳಿ ದೊಡ್ಡ ತಂಟೆ ಎಬ್ಬಿಸಿದವರು.

ಅವರ ಪುಸ್ತಕದ ಮಾತು ಆಮೇಲೆ. ಮೊದಲು ಆ ಮನುಷ್ಯನಿಗೆ ಏನಾಯಿತು ಅಂತ ಹೇಳುತ್ತೇನೆ. ಅದು ಗೊತ್ತಿಲ್ಲದೆ ಓದಿದರೆ ಇದೇನೋ ಸುಮ್ನೆ ಪ್ರೊಫೆಸರ್ ಒಬ್ಬರ ಬುದ್ಧಿವಂತಿಕೆ ಅನ್ನಿಸಿಬಿಡುತ್ತದೆ.

ಹುಟ್ಟಿದ್ದು 1957ರಲ್ಲಿ, ಚೀನಾ ಮೂಲದ ಥಾಯ್ ಕುಟುಂಬದಲ್ಲಿ. 1976ರಲ್ಲಿ ಬ್ಯಾಂಕಾಕಿನ ಥಮ್ಮಾಸಾತ್ ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ನಾಯಕ. ಅದಕ್ಕೆ ಮೂರು ವರ್ಷ ಹಿಂದೆ, 1973ರ ಅಕ್ಟೋಬರಿನಲ್ಲಿ, ವಿದ್ಯಾರ್ಥಿಗಳು ಬೀದಿಗಿಳಿದು ಥನೊಮ್ ಕಿತ್ತಿಕಚೊರ್ನ್ ಎಂಬ ಮಿಲಿಟರಿ ಸರ್ವಾಧಿಕಾರಿಯನ್ನು ದೇಶ ಬಿಡಿಸಿದ್ದರು. ಆ ಮನುಷ್ಯ 1976ರ ಸೆಪ್ಟೆಂಬರಿನಲ್ಲಿ ಬೌದ್ಧ ಭಿಕ್ಷುವಿನ ಕಾವಿ ಉಟ್ಟು ವಾಪಸ್ ಬಂದ. ಕಾವಿಗೆ ಕೈ ಹಾಕುವವರು ಯಾರು? ವಿದ್ಯಾರ್ಥಿಗಳು ಮತ್ತೆ ಪ್ರತಿಭಟನೆಗೆ ಇಳಿದರು. ಥನೊಮ್ ವಿರುದ್ಧ ಪೋಸ್ಟರ್ ಅಂಟಿಸುತ್ತಿದ್ದ ಇಬ್ಬರು ಕಾರ್ಮಿಕರನ್ನು ನಖೊನ್ ಪಥೊಮ್‌ನಲ್ಲಿ ಯಾರೋ ಕೊಂದು ನೇತುಹಾಕಿದ್ದರು. ಅದನ್ನೇ ವಿದ್ಯಾರ್ಥಿಗಳು ಕ್ಯಾಂಪಸ್ಸಿನಲ್ಲಿ ಅಭಿನಯಿಸಿ ತೋರಿಸಿದರು. ಬಲಪಂಥೀಯ ಪತ್ರಿಕೆಯೊಂದು ಆ ನಾಟಕದ ಫೋಟೋ ಹಾಕಿ, ನೇತಾಡುತ್ತಿರುವವನ ಮುಖ ಯುವರಾಜನ ಹಾಗಿದೆ, ಇವರು ರಾಜಕುಮಾರನನ್ನು ಅಣಕಕ್ಕೆ ಗಲ್ಲಿಗೇರಿಸಿದ್ದಾರೆ ಅಂತ ಬರೆಯಿತು. ಸೈನ್ಯದ ರೇಡಿಯೋ ಅದಕ್ಕೆ ತುಪ್ಪ ಸುರಿಯಿತು.

ಅಕ್ಟೋಬರ್ 6ರ ಬೆಳಗಿನ ಜಾವ ಪೊಲೀಸರು, ಗಡಿ ಕಾವಲು ಪಡೆ, ದೇಶಭಕ್ತ ಸಂಘಟನೆಗಳ ಗುಂಪುಗಳು ಕ್ಯಾಂಪಸ್ ಸುತ್ತುವರಿದು ಗುಂಡು ಹಾರಿಸತೊಡಗಿದವು. ಸ್ಟೇಜಿನ ಮೇಲೆ ಮೈಕ್ ಹಿಡಿದುಕೊಂಡು ನಿಂತಿದ್ದ ಹುಡುಗ ಥೊಂಗ್‌ಚಾಯ್. ಪೊಲೀಸ್ ಅಣ್ಣಂದಿರೇ, ದಯವಿಟ್ಟು ಗುಂಡು ನಿಲ್ಲಿಸಿ, ನಾವು ಶಾಂತಿಯಿಂದ ಕೂತಿದ್ದೇವೆ ಅಂತ ಮತ್ತೆ ಮತ್ತೆ ಬೇಡಿಕೊಂಡದ್ದು ಅವರೇ. ಗುಂಡು ನಿಲ್ಲಲಿಲ್ಲ. ಸರ್ಕಾರಿ ಲೆಕ್ಕದಲ್ಲಿ ಸತ್ತವರು 46. ನಿಜವಾಗಿ ಇನ್ನೂ ಜಾಸ್ತಿ ಅಂತ ನಂಬುವವರು ಬಹಳ ಇದ್ದಾರೆ. ಎದುರಿನ ಸನಾಮ್ ಲುವಾಂಗ್ ಮೈದಾನದಲ್ಲಿ ಮರಕ್ಕೆ ನೇತುಹಾಕಿದ ಹೆಣವನ್ನು ಒಬ್ಬ ಮಡಚುವ ಕುರ್ಚಿ ಎತ್ತಿ ಬಡಿಯುತ್ತಿದ್ದಾನೆ, ಸುತ್ತ ನಿಂತವರಲ್ಲಿ ಒಬ್ಬ ಹುಡುಗ ನಗುತ್ತಿದ್ದಾನೆ. ಆ ಫೋಟೋ ತೆಗೆದದ್ದು ಎಪಿ ಸುದ್ದಿಸಂಸ್ಥೆಯ ನೀಲ್ ಯೂಲೆವಿಚ್. ಮರುವರ್ಷ ಪುಲಿಟ್ಜರ್ ಬಂತು. ನೋಡದೇ ಇದ್ದವರು ಹುಡುಕಿ ನೋಡಬೇಕಾದ ಅಗತ್ಯವೇನಿಲ್ಲ.

ಅವತ್ತು ಸಂಜೆಯೇ ಸೈನ್ಯ ಅಧಿಕಾರ ಹಿಡಿಯಿತು. ಮೂರು ಸಾವಿರಕ್ಕೂ ಹೆಚ್ಚು ಜನ ಬಂಧನಕ್ಕೆ ಒಳಗಾದರು. ಕೊನೆಗೆ ಮೊಕದ್ದಮೆ ಹೂಡಿದ್ದು ಬೆರಳೆಣಿಕೆಯವರ ಮೇಲೆ, ಅವರಲ್ಲಿ ಥೊಂಗ್‌ಚಾಯ್ ಒಬ್ಬರು. ಸುಮಾರು ಎರಡು ವರ್ಷ ಜೈಲಲ್ಲಿದ್ದು 1978ರ ಸೆಪ್ಟೆಂಬರಿನಲ್ಲಿ ಕ್ಷಮಾದಾನದ ಮೇಲೆ ಹೊರಬಂದರು.

ಇಲ್ಲಿ ನನ್ನ ತಲೆಯಲ್ಲಿ ಕೂತ ಒಂದು ವಿವರ ಇದೆ. ಆಗ ಜನರ ಬಾಯಲ್ಲಿ ಓಡಾಡಿದ ಗಾಳಿಸುದ್ದಿ ಏನು ಗೊತ್ತಾ? ಕ್ಯಾಂಪಸ್ ಒಳಗೆ ಇದ್ದವರು ಥಾಯ್‌ಗಳೇ ಅಲ್ಲ, ವಿಯೆಟ್ನಾಮಿನವರು ಅಂತ. ನಮ್ಮವರು ನಮ್ಮವರನ್ನು ಹೀಗೆ ಕೊಲ್ಲುತ್ತಾರಾ, ಹಾಗಾಗಿ ಸತ್ತವರು ನಮ್ಮವರಲ್ಲ. ಲೆಕ್ಕ ಎಷ್ಟು ಸಲೀಸು ನೋಡಿ.

ಇಂಥದ್ದನ್ನು ದಾಟಿ ಬಂದವರು ಏನು ಬರೆಯುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ? ಜೈಲಿನ ನೆನಪು, ಗೆಳೆಯರ ಸಾವು. ಥೊಂಗ್‌ಚಾಯ್ ಅದನ್ನು ಬರೆಯಲಿಲ್ಲ, ಬಹಳ ವರ್ಷ ಬರೆಯಲಿಲ್ಲ. ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯಕ್ಕೆ ಹೋದರು, ಹಳೇ ಸರ್ವೆ ಕಡತ, ರಾಜರ ಪತ್ರ, ಶಾಲಾ ಅಟ್ಲಾಸುಗಳ ಮುಂದೆ ಕೂತು 1988ರಲ್ಲಿ ಪಿಎಚ್‌ಡಿ ಮುಗಿಸಿದರು. ಆ ಪ್ರಬಂಧವೇ 1994ರಲ್ಲಿ 'ಸಿಯಾಮ್ ಮ್ಯಾಪ್ಡ್' ಅಂತ ಪುಸ್ತಕವಾಗಿ ಬಂತು. ಸಿಯಾಮ್ ಅಂದರೆ ಥಾಯ್ಲೆಂಡಿನ ಹಳೇ ಹೆಸರು. ಮೇಲ್ನೋಟಕ್ಕೆ ಅಕ್ಟೋಬರ್ 6ಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಾನು ಓದುವಾಗ ಮಾತ್ರ ಪುಟಪುಟದಲ್ಲೂ ಆ ಸಂಬಂಧವೇ ಕಂಡಿತು. ಯಾರು ಒಳಗಿನವರು, ಯಾರು ಹೊರಗಿನವರು ಅಂತ ಅಷ್ಟು ಖಚಿತವಾಗಿ ಹೇಳುವ ಧೈರ್ಯ ಒಂದು ಜನಕ್ಕೆ ಎಲ್ಲಿಂದ ಬರುತ್ತದೆ? ಆ ಹುಡುಗ ಜೈಲಿಂದ ತಂದ ಪ್ರಶ್ನೆ ಇದೇ ಅಂತ ನನ್ನ ನಂಬಿಕೆ.

ಪುಸ್ತಕದಲ್ಲಿ ನನಗೆ ಇಷ್ಟವಾದ ಕಥೆ ಗಡಿಯದ್ದು. 1820ರ ದಶಕದಲ್ಲಿ ಬ್ರಿಟಿಷರು ಬರ್ಮಾದ ದಕ್ಷಿಣದ ಕರಾವಳಿ ಹಿಡಿದುಕೊಂಡರು. ಪಕ್ಕದಲ್ಲೇ ಸಿಯಾಮ್. ಸರಿ, ನಮ್ಮ ನಿಮ್ಮ ಗಡಿ ಎಲ್ಲಿ ಅಂತ ಬ್ಯಾಂಕಾಕಿನ ದರಬಾರಿಗೆ ಕೇಳಿದರು. ದರಬಾರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅದನ್ನು ನಮ್ಮನ್ನೇನು ಕೇಳುತ್ತೀರಿ, ಅಲ್ಲಿ ವಾಸ ಇರುವ ಹಳಬರನ್ನು ಕೇಳಿ, ಅವರು ತೋರಿಸಿದ್ದೇ ಗಡಿ ಅಂದರು. ಇದು ದಡ್ಡತನ ಅಲ್ಲ. ಅವರ ಲೆಕ್ಕದಲ್ಲಿ ರಾಜ್ಯ ಅಂದರೆ ಊರು, ಕೋಟೆ, ಕಪ್ಪ ಕೊಡುವ ಸಾಮಂತ, ದುಡಿಯುವ ಜನ. ಎರಡು ರಾಜ್ಯದ ನಡುವೆ ಕಾಡೋ ಬೆಟ್ಟವೋ ಸುಮ್ನೆ ಬಿದ್ದಿರುತ್ತಿತ್ತು. ಕಾವಲಿನವನು ಓಡಾಡುವಷ್ಟು ದೂರ ನಮ್ಮದು, ಅಷ್ಟೇ. ಸ್ನೇಹಿತ ರಾಜ್ಯದ ನಡುವೆ ಗೆರೆ ಎಳೆಯುವುದು ಅಂದರೆ ಅವರಿಗೆ ಜಗಳಕ್ಕೆ ಕರೆದ ಹಾಗೆ ಕೇಳಿಸುತ್ತಿತ್ತು.

ನಮ್ಮ ಅಪ್ಪ ಭೂಮಾಪನದ ಕೆಲಸದಲ್ಲಿ ಇದ್ದವರು. ಮನೆಯಲ್ಲಿ ಬಾಂದುಗಲ್ಲು, ಟಿಪ್ಪಣಿ, ಪೋಡಿ ಅನ್ನುವ ಮಾತು ಕೇಳಿಕೊಂಡೇ ಬೆಳೆದೆ. ಬದು ಅಂದಾಜಿನ ಮೇಲೆ ಇದ್ದಷ್ಟು ದಿನ ಒಟ್ಟಿಗೆ ಉಳುತ್ತಿದ್ದ ಅಣ್ತಮ್ಮಂದಿರು, ಚೈನು ಹಿಡಿದು ಅಳೆದ ಮೇಲೆ ಅರ್ಧ ಗುಂಟೆಗೆ ಕೋರ್ಟು ಹತ್ತಿದ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಆ ಅಧ್ಯಾಯ ಓದುವಾಗ ನನಗೆ ಬ್ಯಾಂಕಾಕ್ ಬಹಳ ದೂರದ ಊರು ಅನ್ನಿಸಲಿಲ್ಲ.

ಇನ್ನು ಕಾಂಬೋಡಿಯ. ಹತ್ತೊಂಬತ್ತನೇ ಶತಮಾನದಲ್ಲಿ ಅದು ಸಿಯಾಮಿಗೂ ಕಪ್ಪ ಕೊಡುತ್ತಿತ್ತು, ವಿಯೆಟ್ನಾಮಿಗೂ ಕೊಡುತ್ತಿತ್ತು. ಇಬ್ಬರೂ ಅದು ನಮ್ಮದು ಅನ್ನುತ್ತಿದ್ದರು. ಅದು ಇಬ್ಬರಿಗೂ ಹೂಂ ಅಂದು ತನ್ನ ಪಾಡಿಗೆ ತಾನು ಬದುಕಲು ನೋಡುತ್ತಿತ್ತು. ಇವತ್ತಿನ ಲಾವೋಸ್ ಕಡೆಯ ಲಾವೋ ಸಂಸ್ಥಾನಗಳದ್ದೂ ಇದೇ ಕಥೆ. ಇಂಥ ಜಾಗಕ್ಕೆ ಒಂದೇ ಬಣ್ಣ ಬಳಿಯುವ ನಕ್ಷೆ ಬಂದರೆ ಏನಾಗಬೇಕು?

ನಕ್ಷೆ ಬಂದ ದಾರಿಯೂ ಮಜವಾಗಿದೆ. ಅದು ನಮ್ಮ ಕಡೆಯಿಂದ ಹೋದದ್ದು! ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸರ್ವೆ ಅಧಿಕಾರಿ ಬೆಂಗಳೂರಿನ ಹತ್ತಿರ ತನ್ನ ಬೇಸ್‌ಲೈನ್, ಅಂದರೆ ಮುಂದಿನ ಅಳತೆಗೆಲ್ಲ ಆಧಾರವಾದ ಗೆರೆ, ಅಳೆದ. 1802ರಲ್ಲಿ ಮದ್ರಾಸಿನಲ್ಲಿ ದೊಡ್ಡ ಕೆಲಸ ಶುರುವಾಯಿತು. ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಭಾರತದ ಸರ್ವೆ ಬರ್ಮಾ ದಾಟಿ 1880ರ ಹೊತ್ತಿಗೆ ಬ್ಯಾಂಕಾಕಿನ ಬಾಗಿಲು ತಟ್ಟಿತು. ಊರಿನ ಬಂಗಾರದ ಬೆಟ್ಟದ ಮೇಲೆ, ನಖೊನ್ ಪಥೊಮ್‌ನ ದೊಡ್ಡ ಸ್ತೂಪದ ಮೇಲೆ ನಮ್ಮ ಉಪಕರಣ ಇಡಬೇಕು ಅಂತ ಕೇಳಿದರು. ದರಬಾರು ಗಾಬರಿಯಾಯಿತು. ಅಳೆಯಲು ಬಂದವರು ಆಮೇಲೆ ಆಳಲೂ ಬರುತ್ತಾರೆ ಅನ್ನುವ ಭಯ. ಆಗ ರಾಜನ ಸಲಹೆಗಾರ ಹೆನ್ರಿ ಅಲಬಾಸ್ಟರ್ ಅವರನ್ನು ತಡೆಯುವುದು ಬೇಡ, ಅವರಲ್ಲೇ ಒಬ್ಬನನ್ನು ನಾವು ನೌಕರಿಗೆ ಇಟ್ಟುಕೊಳ್ಳೋಣ ಅಂದ. ಹಾಗೆ ಬಂದವನು ಜೇಮ್ಸ್ ಮೆಕಾರ್ಥಿ. 1885ರಲ್ಲಿ ಸಿಯಾಮಿಗೆ ತನ್ನದೇ ಸರ್ವೆ ಇಲಾಖೆ ಆಯಿತು. ಉತ್ತರದ ಲಾವೋ ಸೀಮೆಗೆ ಸೈನ್ಯ ಹೋದರೆ ಜೊತೆಗೆ ಸರ್ವೆಯವರೂ ಹೋದರು.

ಇನ್ನೊಂದು ತಂತು. ಪುಸ್ತಕದಲ್ಲಿ 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದ ಪ್ರಸಂಗ ಬರುತ್ತದೆ. ಸಿಯಾಮಿನ ದೊರೆ ಮೊಂಗ್‌ಕುಟ್ ಸ್ವತಃ ಲೆಕ್ಕ ಹಾಕಿ, ಆಸ್ಥಾನದ ಜ್ಯೋತಿಷಿಗಳನ್ನು ಬೈದು, ವಾ ಕೋ ಎಂಬ ಜೌಗು ಜಾಗಕ್ಕೆ ಯುರೋಪಿನವರನ್ನು ಕರೆದು ಗ್ರಹಣ ತೋರಿಸಿದ. ಲೆಕ್ಕ ಸರಿಬಂತು. ಅಲ್ಲಿ ಹತ್ತಿದ ಮಲೇರಿಯಾದಿಂದ ಅಕ್ಟೋಬರಿನಲ್ಲಿ ತೀರಿಕೊಂಡ. ಅದೇ ದಿನ, ಅದೇ ಗ್ರಹಣವನ್ನು ನಮ್ಮ ಜಮಖಂಡಿಯಲ್ಲಿ ನಿಂತು ನೋಡಿದವನು ಸರ್ವೆ ಇಲಾಖೆಯ ಲೆಫ್ಟಿನೆಂಟ್ ಜಾನ್ ಹರ್ಷೆಲ್. ಇದು ಥೊಂಗ್‌ಚಾಯ್ ವಾದಕ್ಕೇನೂ ಸೇರಿದ್ದಲ್ಲ, ನನ್ನ ಖುಷಿಗೆ ಬರೆದೆ.

ವಾದಕ್ಕೆ ಬರೋಣ. ಥಾಯ್ ಮಕ್ಕಳು ಶಾಲೆಯಲ್ಲಿ ಕಲಿಯುವ ಕಥೆ ಹೀಗಿದೆ: ಬಡಪಾಯಿ ಸಿಯಾಮ್ ಕುರಿಮರಿ, ಫ್ರಾನ್ಸ್ ತೋಳ. 1893ರಲ್ಲಿ ಫ್ರೆಂಚ್ ಯುದ್ಧನೌಕೆಗಳು ಬ್ಯಾಂಕಾಕಿನವರೆಗೆ ನುಗ್ಗಿ, ಮೆಕಾಂಗ್ ನದಿಯ ಆಚೆ ದಡ ಕಿತ್ತುಕೊಂಡವು. ಅಟ್ಲಾಸಿನಲ್ಲಿ ಕಳೆದುಕೊಂಡ ಭಾಗಗಳನ್ನು ಒಂದೊಂದಾಗಿ ಗುರುತಿಸಿರುತ್ತಾರೆ. ಥೊಂಗ್‌ಚಾಯ್ ಕೇಳುವುದು ಒಂದೇ. ಆ ನೆಲ ಮೊದಲು ನಿಮ್ಮದಾಗಿದ್ದು ಯಾವಾಗ? ಸಿಯಾಮ್ ಕುರಿಮರಿ ಅಲ್ಲ, ಅದೂ ಒಂದು ಸಣ್ಣ ತೋಳ, ದೊಡ್ಡ ತೋಳದ ಜೊತೆ ಅದೇ ಸಣ್ಣಪುಟ್ಟ ಸಂಸ್ಥಾನಗಳಿಗೆ ಪೈಪೋಟಿ ನಡೆಸಿತು, ಸೋತಿತು. ನಿಜವಾಗಿ ಕಳೆದುಕೊಂಡವರು ಆ ಸಂಸ್ಥಾನದವರು, ಅವರ ಪರ ಅಳುವ ಅಟ್ಲಾಸು ಯಾವುದೂ ಇಲ್ಲ. ಎಲ್ಲ ಮುಗಿದ ಮೇಲೆ ಬಂದ ನಕ್ಷೆಯನ್ನು ಐದಾರು ನೂರು ವರ್ಷ ಹಿಂದಕ್ಕೆ ಹೊತ್ತುಕೊಂಡು ಹೋಗಿ, ನಮ್ಮ ದೇಶ ಆಗಲೂ ಹೀಗೇ ಇತ್ತು ಅಂತ ತೋರಿಸುವುದು ಆಮೇಲಿನವರ ಕೆಲಸ. ಆ ಆಕಾರಕ್ಕೆ ಒಂದು ಮೈ ಬಂತು, ನೋವು ಬಂತು. ಥಾಯ್ ಜನ ಅದನ್ನು ಬಂಗಾರದ ಕೊಡಲಿ ಅನ್ನುತ್ತಾರೆ. ಅದರ ಅಂಚು ಚೂರು ಕಿತ್ತರೂ ಅವರಿಗೆ ಸ್ವಂತ ಮೈ ಕೊಯ್ದ ಹಾಗಾಗುತ್ತದೆ.

ಇದನ್ನು ಓದಿ ಅಲ್ಲಿ ಕೆಲವರು ದೇಶದ್ರೋಹ ಅಂದರೆ ನನಗೆ ಆಶ್ಚರ್ಯವಿಲ್ಲ. ಆದರೆ ಈ ಪುಸ್ತಕ ದೇಶಪ್ರೀತಿ ಸುಳ್ಳು ಅಂತ ಎಲ್ಲೂ ಹೇಳುವುದಿಲ್ಲ. ಆ ಪ್ರೀತಿ ಹಿಡಿದುಕೊಂಡಿರುವ ಆಕಾರಕ್ಕೆ ಒಂದು ಹುಟ್ಟಿದ ತಾರೀಖು ಇದೆ ಅನ್ನುತ್ತದೆ, ಅಷ್ಟೇ. ಬೆಳಗಾವಿ, ಕಾಸರಗೋಡು, ಸೊಲ್ಲಾಪುರ ಅಂತ ಜಗಳ ಆಡುತ್ತಲೇ ಬೆಳೆದ ನಮಗೆ ಇದು ಇಷ್ಟು ಕಷ್ಟ ಯಾಕಾಗಬೇಕು? ಇವತ್ತಿನ ಕರ್ನಾಟಕದ ನಕ್ಷೆಗೆ 1956 ಅನ್ನುವ ವರ್ಷ ಇದೆ, ಹಾಗಂತ ನಮ್ಮ ಕನ್ನಡಪ್ರೀತಿ ಏನೂ ಕಮ್ಮಿಯಾಗಿಲ್ಲ ಅಲ್ವಾ.

ನನಗೆ ತಕರಾರೂ ಇದೆ. ನಕ್ಷೆಯ ಕೈಗೆ ಅವರು ಸ್ವಲ್ಪ ಜಾಸ್ತಿಯೇ ಶಕ್ತಿ ಕೊಟ್ಟಿದ್ದಾರೆ. ದರಬಾರು, ದೊರೆ, ಸರ್ವೆಯವರು, ಪಠ್ಯ ಬರೆದವರು, ಪುಸ್ತಕದ ತುಂಬ ಇವರೇ. ಈಶಾನ್ಯದ ಇಸಾನ್ ಸೀಮೆಯಲ್ಲಿ ಲಾವೋ ಮಾತಾಡುವ ರೈತನೊಬ್ಬ ತಾನು ಥಾಯ್ ಅಂತ ಅಂದುಕೊಂಡಿದ್ದು ಗೋಡೆಯ ಮೇಲಿನ ನಕ್ಷೆ ನೋಡಿಯೋ, ಶಾಲೆಯಲ್ಲಿ ಬ್ಯಾಂಕಾಕಿನ ಭಾಷೆ ಕಲಿತೋ, ಮಗನನ್ನು ಸೈನ್ಯಕ್ಕೆ ಕಳಿಸಿಯೋ? ನನ್ನ ಪ್ರಕಾರ ನಕ್ಷೆಗಿಂತ ಉಳಿದೆರಡು ದೊಡ್ಡವು. ಹಳೆಯ ಸಿಯಾಮಿನಲ್ಲಿ ಗಡಿಯ ಕಲ್ಪನೆ ಅಷ್ಟು ಸಡಿಲ ಇರಲಿಲ್ಲ ಅಂತ ವಾದ ಮಾಡಿದ ವಿದ್ವಾಂಸರೂ ಇದ್ದಾರೆ. ಇಷ್ಟಾದರೂ ಆ ಪುಸ್ತಕ ಓದಿದ ಮೇಲೆ ಗೋಡೆ ಮೇಲಿನ ಯಾವ ನಕ್ಷೆಯನ್ನೂ ನಾನು ಮೊದಲಿನ ಹಾಗೆ ನೋಡಿಲ್ಲ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಪಾಠ, ಏಷ್ಯಾ ಅಧ್ಯಯನ ಸಂಘದ ಅಧ್ಯಕ್ಷಗಿರಿ, ಪ್ರಶಸ್ತಿಗಳು, ಇದೆಲ್ಲ ಆಯಿತು. ಆದರೆ ಅಕ್ಟೋಬರ್ 6 ಬಿಡಲಿಲ್ಲ. ಇಪ್ಪತ್ತು ವರ್ಷ ತುಂಬಿದಾಗ, 1996ರಲ್ಲಿ, ಸತ್ತವರನ್ನು ಬಹಿರಂಗವಾಗಿ ನೆನೆಯೋಣ ಅಂತ ಮುಂದೆ ನಿಂತವರು ಇವರೇ. ಅಲ್ಲಿವರೆಗೆ ಊರಿಗೆ ಊರೇ ಬಾಯಿ ಕಟ್ಟಿಕೊಂಡಿತ್ತು. ಈ ಕುರಿತ 'ಮೊಮೆಂಟ್ಸ್ ಆಫ್ ಸೈಲೆನ್ಸ್' ಬಂದದ್ದು 2020ರಲ್ಲಿ, ಅಂದರೆ ಘಟನೆ ಆಗಿ 44 ವರ್ಷಕ್ಕೆ.

ಅದರಲ್ಲಿ ಒಬ್ಬ ತಂದೆ ಬರುತ್ತಾರೆ. ಮಗ ಥಮ್ಮಾಸಾತ್‌ನಲ್ಲಿ ಓದುತ್ತಿದ್ದ, ಅವತ್ತಿನಿಂದ ಸುದ್ದಿಯಿಲ್ಲ. ಹೆಣ ಸಿಗಲಿಲ್ಲ. ಕಮ್ಯುನಿಸ್ಟರ ಜೊತೆ ಕಾಡಿಗೆ ಹೋಗಿರಬಹುದು, ಎಲ್ಲೋ ಬದುಕಿರಬಹುದು ಅಂತ ಆ ಮನುಷ್ಯ ಸುಮಾರು ಇಪ್ಪತ್ತು ವರ್ಷ ಹುಡುಕಿದರು, ಡೈರಿ ಬರೆದರು. ಆ ಹುಡುಗ ಅವತ್ತು ಬೆಳಿಗ್ಗೆಯೇ ಸತ್ತಿದ್ದ. ಕುತ್ತಿಗೆಗೆ ಬಟ್ಟೆ ಬಿಗಿದು ಕ್ಯಾಂಪಸ್ಸಿನ ಮೈದಾನದ ಮೇಲೆ ಎಳೆದುಕೊಂಡು ಹೋಗುತ್ತಿರುವ ಹೆಣದ ಫೋಟೋ ಅವನದ್ದೇ. ಇಪ್ಪತ್ತು ವರ್ಷ ಎಷ್ಟೋ ಜನ ಆ ಫೋಟೋ ನೋಡಿದ್ದರು. ಪುಸ್ತಕದಲ್ಲಿ ಈ ಭಾಗವನ್ನು ನಾನು ಒಂದೇ ಸಲಕ್ಕೆ ಓದಲು ಆಗಲಿಲ್ಲ.

ಅದೇ ಪುಸ್ತಕಕ್ಕಾಗಿ ಅವರು ಆ ಕಡೆಯವರನ್ನೂ ಹುಡುಕಿಕೊಂಡು ಹೋದರು. ಅವತ್ತು ದೇಶ ಉಳಿಸಿದೆವು ಅಂದುಕೊಂಡವರನ್ನು ಕೂರಿಸಿ, ಈಗ ಏನನ್ನಿಸುತ್ತದೆ ಅಂತ ಕೇಳಿದರು. ಮೊದಮೊದಲು ಎದೆ ತಟ್ಟಿಕೊಂಡಿದ್ದವರು ವರ್ಷ ಕಳೆದ ಹಾಗೆ ಆ ದಿನದ ಮಾತೇ ಬೇಡ ಅನ್ನತೊಡಗಿದ್ದರಂತೆ. ಇಷ್ಟು ಶಾಂತವಾಗಿ ಹೇಗೆ ಕೇಳಿದರೋ, ನನಗೆ ಸಿಟ್ಟು ಬಂತು. ನಾನಾಗಿದ್ದರೆ ಆ ಬಾಗಿಲು ತಟ್ಟುತ್ತಿರಲಿಲ್ಲ. ಆದರೆ ಬೇರೆ ದಾರಿ ಏನಿತ್ತು? 1978ರ ಕ್ಷಮಾದಾನ ಕಾನೂನು ಜೈಲಲ್ಲಿದ್ದ ವಿದ್ಯಾರ್ಥಿಗಳನ್ನು ಬಿಟ್ಟಿದ್ದಷ್ಟೇ ಅಲ್ಲ, ಗುಂಡು ಹಾರಿಸಿದವರನ್ನೂ ನೇತುಹಾಕಿದವರನ್ನೂ ಅದೇ ಏಟಿಗೆ ಬಿಟ್ಟಿತು. ಯಾವ ಕೋರ್ಟೂ ಅವರನ್ನು ಕರೆಯಲಿಲ್ಲ. ಆ ಬೆಳಗಿನ ಕೊಲೆಗಳಿಗೆ ಇವತ್ತಿನವರೆಗೂ ಒಬ್ಬನಿಗೂ ಶಿಕ್ಷೆ ಆಗಿಲ್ಲ.