ಮಹಡಿಯ ಮೇಲಿನ ಗೋಲು

ನಮ್ಮ ಮನೆಯಲ್ಲಿ ಗೋಲು ಮೊದಲು ಮಹಡಿಯ ಮೇಲೆ ಆಗುತ್ತದೆ. ಅರ್ಧ ನಿಮಿಷ ಕಳೆದು ಕೆಳಗೆ ನಮ್ಮ ಟೀವಿಯಲ್ಲಿ ಆಗುತ್ತದೆ. ನನ್ನ ಪರದೆಯಲ್ಲಿ ಆಟಗಾರನೊಬ್ಬ ಇನ್ನೂ ಮೈದಾನದ ನಡುವೆ, ಸಂಜೆ ಗಾಳಿ ಸೇವನೆಗೆ ಬಂದವನಂತೆ, ಚೆಂಡನ್ನು ಹಿಂದಕ್ಕೂ ಪಕ್ಕಕ್ಕೂ ತಳ್ಳುತ್ತ ಅಡ್ಡಾಡುತ್ತಿರುತ್ತಾನೆ. ಅಷ್ಟರಲ್ಲಿ ತಲೆಯ ಮೇಲೆ ಧಡಧಡ ಕುಣಿತ, ಕುರ್ಚಿ ಉರುಳಿದ ಸದ್ದು, ಮೂರು ಗಂಟಲುಗಳ ಒಂದೇ ಕೂಗು. ಅಲ್ಲಿಗೆ ಮುಗಿಯಿತು. ನನ್ನ ಪಾಲಿಗೆ ಉಳಿದದ್ದು ಆ ಗೋಲಿನ ತಿಥಿಯೂಟ.

ಮಹಡಿಯಲ್ಲಿರುವವರು ಕೋಯಿಕ್ಕೋಡ್ ಕಡೆಯ ಮೂವರು ಹುಡುಗರು. ಸಂಭಾವಿತರು. ಬಾಡಿಗೆ ಸರಿಯಾಗಿ ಕೊಡುತ್ತಾರೆ, ಓಣಂ ದಿನ ನಮಗೂ ಪಾಯಸ ತಂದುಕೊಡುತ್ತಾರೆ. ಅವರ ಮೇಲೆ ನನ್ನ ದೂರು ಒಂದೇ, ಅವರ ಮನೆಯ ತಾರಸಿಯಲ್ಲಿ ಡಿಶ್ ಇದೆ. ನಾನು ಕಾಲಕ್ಕೆ ತಕ್ಕಂತೆ ನಡೆಯಬೇಕೆಂದು ಡಿಶ್ ತೆಗೆಸಿ ಇಂಟರ್ನೆಟ್ ಹಾಕಿಸಿಕೊಂಡವನು. ಅವರ ಗೋಲು ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಇಳಿದು ಬರುತ್ತದೆ. ಅದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಕಾಲು ಭಾಗ. ನನ್ನದು ರಸ್ತೆಯ ಕಂಬದಿಂದ ಕಿಟಕಿಯ ಸಂದಿಯಲ್ಲಿ ಒಳಗೆ ಬರುವ ತಂತಿಯಲ್ಲಿ ಬರುತ್ತದೆ. ಆದರೆ ಅಲ್ಲಿ ಆಟವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಕಟ್ಟು ಕಟ್ಟಿ, ನಾಲ್ಕಾರು ಕಟ್ಟು ಕೈಯಲ್ಲಿ ಸೇರಿದ ಮೇಲೆ ಒಂದೊಂದಾಗಿ ಬಿಚ್ಚಿ ತೋರಿಸುತ್ತಾರಂತೆ. ಆಕಾಶ ಮುಟ್ಟಿ ಬಂದ ಗೋಲು ಕಂಬದಿಂದ ಬಂದ ಗೋಲಿಗಿಂತ ಮೊದಲು ಮನೆ ಸೇರುವ ಈ ವಿಚಿತ್ರವನ್ನು ನನ್ನ ಹೆಂಡತಿಗೆ ಎರಡು ಸಲ ವಿವರಿಸಿದ್ದೇನೆ. "ಹೇಗೂ ಅದೇ ಗೋಲು ತಾನೇ?" ಎನ್ನುತ್ತಾಳೆ.

ಅದೇ ಗೋಲು ಎನ್ನುವುದು ಕ್ರಿಕೆಟ್ ನೋಡಿ ಬೆಳೆದ ಮನೆಯವರ ಮಾತು. ಕ್ರಿಕೆಟ್ಟಿನಲ್ಲಿ ಒಂದು ಬೌಂಡರಿ ತಪ್ಪಿಹೋದರೆ ಮುಂದಿನ ಓವರಿನಲ್ಲಿ ಇನ್ನೊಂದು ಬರುತ್ತದೆ, ಉಪ್ಪಿಟ್ಟು ಮುಗಿದ ಮೇಲೆ ಕೇಸರಿಬಾತು ಬಂದಹಾಗೆ. ಕಾಲ್ಚೆಂಡಿನಲ್ಲಿ ಹಾಗಲ್ಲ. 2022ರ ಕತಾರ್ ವಿಶ್ವಕಪ್ಪಿನ 64 ಪಂದ್ಯಗಳಲ್ಲಿ ಬಂದ ಗೋಲುಗಳು 172. ಪಂದ್ಯಕ್ಕೆ ಮೂರೂ ಇಲ್ಲ. ಅಂದರೆ ತೊಂಬತ್ತು ನಿಮಿಷ ಕಣ್ಣು ಪಿಳುಕಿಸದೆ ಕುಳಿತರೆ ಎರಡು ಮೂರು ಸೆಕೆಂಡಿನ ಫಲ. ಕೆಲವು ರಾತ್ರಿ ಅದೂ ಇಲ್ಲ. ಇಷ್ಟು ಜಿಪುಣ ಆಟವನ್ನು ಪ್ರೀತಿಸುವವನು ಆ ಎರಡು ಸೆಕೆಂಡನ್ನು ಬೆಕ್ಕಿನಿಂದ ಹಾಲು ಕಾಯ್ದಂತೆ ಕಾಯುತ್ತಾನೆ. ನಮ್ಮ ಸಿಡುಕನ್ನೆಲ್ಲ ಬಗೆದು ನೋಡಿದರೆ ತಳದಲ್ಲಿ ಇರುವುದು ಆ ಹಾಲಿನ ಪಾತ್ರೆಯೇ.

ಆ ವರ್ಷದ ಫೈನಲ್ ಅನ್ನು ನಾನು ಹೇಗೆ ನೋಡಿದೆನೆಂದು ಕೇಳಿ. ಡಿಸೆಂಬರ್ 18, ಭಾನುವಾರ. ಪುಣ್ಯಕ್ಕೆ ನಮಗೆ ರಾತ್ರಿ ಎಂಟೂವರೆಯ ಸುಮಾರು. ಅರ್ಜೆಂಟೀನಾ ಎರಡು ಗೋಲು ಮುಂದಿದೆ, ಮಹಡಿಯಲ್ಲಿ ಹಬ್ಬ. ಎಂಬತ್ತನೆಯ ನಿಮಿಷದ ಹೊತ್ತಿಗೆ ಮೇಲಿನಿಂದ ಒಂದು "ಅಯ್ಯೋ" ಕೇಳಿಸಿತು. ಈ ಪದ ಮಲಯಾಳಕ್ಕೂ ಕನ್ನಡಕ್ಕೂ ಒಂದೇ, ಅನುವಾದ ಬೇಡ. ಎದುರಾಳಿ ಫ್ರಾನ್ಸಿನ ಎಂಬಾಪೆ ಪೆನಾಲ್ಟಿ ಹೊಡೆದಾಗಿತ್ತು. ನನ್ನ ಟೀವಿಯಲ್ಲಿ ಅವನು ಓಡಿಹೋಗಿ ಚೆಂಡನ್ನು ಎತ್ತಿಕೊಂಡು ಬರುವಷ್ಟರಲ್ಲಿ ಮೇಲೆ ಮತ್ತೊಂದು ಸದ್ದು, ಈ ಸಲ ಪದವೂ ಇಲ್ಲದ ನರಳಾಟ. 97 ಸೆಕೆಂಡುಗಳಲ್ಲಿ ಎರಡು ಗೋಲು. ಲೋಕವೆಲ್ಲ ಉಸಿರು ಬಿಗಿಹಿಡಿದು ನೋಡಿದ್ದನ್ನು ನಾನು ನಿನ್ನೆಯ ಪತ್ರಿಕೆಯಂತೆ ಓದಿದೆ. ಕೊನೆಗೆ ಪೆನಾಲ್ಟಿ ಸರಣಿ. ಪ್ರತಿ ಒದೆತದ ಫಲಿತಾಂಶ ಸೂರಿನಿಂದ ಮೊದಲೇ ಉದುರುತ್ತಿತ್ತು. ಅರ್ಜೆಂಟೀನಾದ ಮಾಂಟಿಯೆಲ್ ಕೊನೆಯ ಒದೆತಕ್ಕೆ ತಲೆ ತಗ್ಗಿಸಿಕೊಂಡು, ಜೀವಮಾನದ ಭಾರ ಹೊತ್ತವನಂತೆ ಚೆಂಡಿನ ಕಡೆಗೆ ನಡೆಯುತ್ತಿದ್ದಾನೆ. ಮೇಲೆ ಆಗಲೇ ಪಟಾಕಿ. "ಹೆದರಬೇಡಪ್ಪ, ಹೋಗುತ್ತದೆ" ಎಂದು ಅವನಿಗೆ ಹೇಳಬೇಕೆನಿಸಿತು.

ಕಿಟಕಿ ಮುಚ್ಚಿ ನೋಡಿದೆ, ಕಿವಿಗೆ ಇಯರ್‌ಫೋನ್ ಹಾಕಿ ನೋಡಿದೆ. ಸದ್ದು ನಿಂತರೂ ಫ್ಯಾನು ಅಲುಗುತ್ತದೆ.

ಸದ್ದಿಲ್ಲದ ದಿನ ನಮ್ಮ ಮಾವ ಇರುತ್ತಾರೆ. ತೀರ್ಥಹಳ್ಳಿ ಕಡೆಯವರು, ಕ್ರಿಕೆಟ್ ಹುಚ್ಚಿನವರು, ಊರಿನಿಂದ ಬಂದಾಗ ನನಗೆ ಬೇಸರವಾಗಬಾರದೆಂದು ಪಕ್ಕದಲ್ಲಿ ಕುಳಿತು ಫುಟ್‌ಬಾಲ್ ನೋಡುತ್ತಾರೆ. ಮೊದಲರ್ಧ ತೂಕಡಿಸುತ್ತಾರೆ. ಕಾರ್ನರ್ ಸಿಕ್ಕಿ, ಹತ್ತು ಹದಿನೈದು ಜನ ಗೋಲಿನ ಮುಂದೆ ಸಂತೆ ಸೇರಿದಾಗ ಸರಿಯಾಗಿ ಎಚ್ಚರವಾಗಿ ಪ್ರಶ್ನೆ ಕೇಳುತ್ತಾರೆ. "ಈ ಆಫ್‌ಸೈಡ್ ಅಂದರೆ ಏನು?" ಚಮಚ, ಉಪ್ಪಿನ ಡಬ್ಬಿ ಜೋಡಿಸಿ ಹೇಳಿ ಸೋತ ಮೇಲೆ ನಾನೊಂದು ಉಪಾಯ ಕಂಡುಕೊಂಡೆ. "ಮಾವ, ಮದುವೆಮನೆಯಲ್ಲಿ ಊಟಕ್ಕೆ ಕರೆಯುವ ಮೊದಲೇ ಒಳಗೆ ನುಸುಳಿ ಎಲೆಯ ಮುಂದೆ ಕುಳಿತಿರುತ್ತಾನಲ್ಲ, ಅವನು ಆಫ್‌ಸೈಡ್. ಕರೆದ ಮೇಲೆ ಎಷ್ಟು ಜೋರಾಗಿ ಓಡಿದರೂ ತಪ್ಪಿಲ್ಲ." ಮಾವ ಯೋಚಿಸಿ ನುಡಿದರು, "ಹಾಗಾದರೆ ನಮ್ಮ ಊರಿನವರೆಲ್ಲ ಆಫ್‌ಸೈಡೇ." ಇಬ್ಬರೂ ನಕ್ಕೆವು. ಆ ನಗುವಿನಲ್ಲಿ ಒಂದು ಗೋಲು ಹೋಯಿತು.

ಇನ್ನೊಂದು ಪ್ರಶ್ನೆ ಇದೆ. ಅದನ್ನು ಮಾವ ಒಬ್ಬರೇ ಕೇಳುವುದಿಲ್ಲ, ಕಚೇರಿಯಲ್ಲೂ ಮದುವೆಗಳಲ್ಲೂ ಕೇಳುತ್ತಾರೆ, ಪ್ರಶ್ನೆಯಾಗಿ ಅಲ್ಲ, ತಿಳಿವಳಿಕೆಯಾಗಿ ಕೊಡುತ್ತಾರೆ. "1950ರ ವಿಶ್ವಕಪ್ಪಿಗೆ ನಮ್ಮವರು ಹೋಗಲಿಲ್ಲ, ಬರಿಗಾಲಲ್ಲಿ ಆಡಲು ಬಿಡಲಿಲ್ಲವಂತೆ." ಇದು ಕೇಳಿದರೆ ನನ್ನ ಮೈ ಉರಿಯುತ್ತದೆ. ಕಥೆ ಚೆನ್ನಾಗಿದೆ, ಅದಕ್ಕೇ ಸಾಯುತ್ತಿಲ್ಲ. ಅಭ್ಯಾಸಕ್ಕೆ ಸಮಯವಿಲ್ಲದ್ದು, ತಂಡದ ಆಯ್ಕೆಯ ಜಗಳ, ಹಡಗಿನ ದೂರ, ಒಲಿಂಪಿಕ್ಸ್ ಮುಂದೆ ವಿಶ್ವಕಪ್ ಏನು ಮಹಾ ಎಂಬ ಆ ಕಾಲದ ಎಣಿಕೆ, ಇವೆಲ್ಲ ಸೇರಿ ಕೈಬಿಟ್ಟ ಪ್ರವಾಸವದು. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ನಾನು ಮಾವನಿಗೆ 1948ರ ಲಂಡನ್ ಒಲಿಂಪಿಕ್ಸ್ ಶುರುಮಾಡಿದೆ. ಫ್ರಾನ್ಸ್ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದು, ಮೈಸೂರು ತಂಡದ ಸಾರಂಗಪಾಣಿ ರಾಮನ್ ಸಮ ಮಾಡಿದ ಗೋಲು, ಕೈತಪ್ಪಿದ ಎರಡು ಪೆನಾಲ್ಟಿಗಳು, ಮುಗಿಯಲು ಒಂದು ನಿಮಿಷವಿದ್ದಾಗ ಫ್ರಾನ್ಸ್ 2-1 ಮಾಡಿದ್ದು. ಮಾವ ಕಣ್ಣರಳಿಸಿ ಕೇಳಿದರು. ನಾನು ಟೀವಿಯ ಕಡೆ ತಿರುಗಿದಾಗ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ಸಂಭ್ರಮಿಸುತ್ತಿದ್ದರು. ಯಾರು ಹೊಡೆದರೋ. ಆ ಗೋಲು ನನ್ನ ಬಾಯಿಗೆ ಬಲಿಯಾದದ್ದು, ಇನ್ನೊಬ್ಬರನ್ನು ದೂರುವಂತಿಲ್ಲ.

ಇಷ್ಟರ ಮೇಲೂ ಒಂದು ಗೋಲನ್ನು ಕಣ್ಣಾರೆ, ಹೊತ್ತಿಗೆ ಸರಿಯಾಗಿ ಕಂಡೆ ಎನ್ನಿ. ಈಗ ಅದು ಗೋಲೆಂದು ಯಾರು ಹೇಳಬೇಕು? ರೆಫರಿಯ ತೀರ್ಪನ್ನು ವಿಡಿಯೊದಲ್ಲಿ ಮತ್ತೆ ನೋಡಿ ತಿದ್ದುವ ವಿಎಆರ್ ಎಂಬ ಪರೀಕ್ಷಾ ಮಂಡಳಿ ಇದೆ. 2018ರ ರಷ್ಯಾ ವಿಶ್ವಕಪ್ಪಿನಿಂದ ನಮ್ಮ ಸಂತೋಷಗಳೆಲ್ಲ ಮರುಮೌಲ್ಯಮಾಪನಕ್ಕೆ ಹೋಗುತ್ತಿವೆ. ನ್ಯಾಯ ಬೇಡವೆಂದು ನಾನು ಹೇಳುವುದಿಲ್ಲ. 1986ರಲ್ಲಿ ಮರಡೋನಾ ಕೈಯಿಂದ ತಳ್ಳಿದ ಚೆಂಡು ಇಂದಾಗಿದ್ದರೆ ಎರಡೇ ನಿಮಿಷದಲ್ಲಿ ಹಿಂದಕ್ಕೆ ಬರುತ್ತಿತ್ತು, ಬರಬೇಕಿತ್ತು ಕೂಡ. ಆದರೆ ಮುನ್ನುಗ್ಗಿ ಆಡುವವನಿಗೆ ಅನುಕೂಲವಾಗಲೆಂದು 1925ರಲ್ಲಿ, ಮತ್ತೆ 1990ರಲ್ಲಿ ಸಡಿಲಿಸಿದ ಆಫ್‌ಸೈಡ್ ನಿಯಮವನ್ನು ಈಗ ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದಾರೆ. 2019ರ ನವೆಂಬರಿನಲ್ಲಿ ಲಿವರ್‌ಪೂಲಿನ ಫರ್ಮಿನೊ ಹೊಡೆದ ಗೋಲನ್ನು ಅಳಿಸಿದ್ದು ಏಕೆಂದು ನೆನಪಿದೆಯೇ? ಅವನ ಕಂಕುಳು ಮುಂದಿತ್ತಂತೆ. ಕಂಕುಳಿನಿಂದ ಗೋಲು ಹೊಡೆದವನನ್ನು ನಾನಂತೂ ಕಂಡಿಲ್ಲ.

ವಿಎಆರ್ ಬಂದ ಮೇಲೆ ಮಹಡಿಯ ಕೂಗನ್ನೂ ನಂಬುವಂತಿಲ್ಲ. ಮೇಲೆ ಕುಣಿತ, ನಂತರ ಸದ್ದಡಗುವುದು, ನಂತರ ನನ್ನ ಟೀವಿಯಲ್ಲಿ ಗೋಲು. ಹಾಗಾದಾಗ ನಾನು ಅಲುಗಾಡದೆ ಕುಳಿತಿರುತ್ತೇನೆ. ಈ ಗೋಲು ಉಳಿಯುವ ಶಿಶುವಲ್ಲವೆಂದು ನನಗೆ ಆಗಲೇ ಗೊತ್ತಿರುತ್ತದೆ.

ಉಳಿದ ಸಣ್ಣಪುಟ್ಟವುಗಳನ್ನು ಹೇಳಿದರೆ ಜನ ನಗುತ್ತಾರೆ. ಗಾಳಿ ತಾಗಿದ್ದಕ್ಕೆ ನೆಲಕ್ಕುರುಳಿ, ಮೊಣಕಾಲು ಹಿಡಿದು ಒದ್ದಾಡಿ, ಔಷಧಿಯ ಸಿಂಪರಣೆಯಾದ ಕೂಡಲೇ ಜಿಂಕೆಯಂತೆ ಜಿಗಿಯುವವನು. ಮುಂದಿರುವ ತಂಡದ ಗೋಲ್‌ಕೀಪರ್ ಚೆಂಡನ್ನು ಕೋಳಿ ಮೊಟ್ಟೆಯಂತೆ ಅವುಚಿಕೊಂಡು ಕೂರುವುದು. ಆರು ಸೆಕೆಂಡಿನ ನಿಯಮ ಇದ್ದಾಗ ಯಾರೂ ಎಣಿಸಲಿಲ್ಲ, 2025ರಿಂದ ಎಂಟು ಮಾಡಿ ಎಣಿಸುತ್ತಿದ್ದಾರೆ. ಚಾಂಪಿಯನ್ಸ್ ಲೀಗ್ ಚಳಿಗಾಲದಲ್ಲಿ ನಮಗೆ ರಾತ್ರಿ ಒಂದೂವರೆಗೆ, ಯೂರೋಪಿನವರು ಗಡಿಯಾರ ಮುಂದಿಟ್ಟುಕೊಂಡ ಮೇಲೆ ಹನ್ನೆರಡೂವರೆಗೆ. ಇದನ್ನು ಮರೆತು ಒಂದು ಏಪ್ರಿಲ್‌ನಲ್ಲಿ ಅಲಾರಾಂ ಇಟ್ಟು ಎದ್ದರೆ ಮೊದಲರ್ಧ ಮುಗಿದಿತ್ತು. ಹೆಚ್ಚುವರಿ ನಿಮಿಷಗಳದ್ದು ಬೇರೆಯೇ ಫಜೀತಿ. ಕತಾರಿನಲ್ಲಿ ಇಂಗ್ಲೆಂಡ್-ಇರಾನ್ ಪಂದ್ಯದ ಎರಡೂ ಅರ್ಧಕ್ಕೆ ಸೇರಿಸಿದ್ದು ಸುಮಾರು 27 ನಿಮಿಷ. ಅಡುಗೆಮನೆಗೆ "ಇನ್ನು ಐದೇ ನಿಮಿಷ" ಎಂದು ಕೊಟ್ಟ ಮಾತು ಅಂದು ನೆಲ ಕಚ್ಚಿದ್ದು ಇಂದಿಗೂ ಎದ್ದಿಲ್ಲ.

ಈ ಅರ್ಧ ನಿಮಿಷದ ಶಾಪಕ್ಕೆ ಪರಿಹಾರ ಒಂದೇ, ಮೈದಾನಕ್ಕೇ ಹೋಗುವುದು. 2023ರ ಮಾರ್ಚ್ 3, ಶುಕ್ರವಾರ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಪ್ಲೇಆಫ್. ಮಹಡಿಯ ಹುಡುಗರಿಗೆ ಟಿಕೆಟ್ ಸಿಗಲಿಲ್ಲ, ನನಗೆ ಸಿಕ್ಕಿತು. ಹಳದಿ ಅಂಗಿ ತೊಟ್ಟು ಟೀವಿಯ ಮುಂದೆ ಕೂರಲು ಸಜ್ಜಾಗಿದ್ದವರಿಗೆ ಮೆಟ್ಟಿಲ ಬಳಿ ಟಿಕೆಟ್ ತೋರಿಸಿಯೇ ಹೊರಟೆ. ಇಂದು ನಾನು ಉಪಗ್ರಹಕ್ಕಿಂತ ಮುಂದೆ ಎಂಬ ಸಣ್ಣ ಸೊಕ್ಕು.

ಕಂಠೀರವದಲ್ಲಿ ಮೈದಾನಕ್ಕೂ ನಮಗೂ ನಡುವೆ ಓಟದ ಟ್ರ್ಯಾಕ್ ಇದೆ. ಆಚೆಯ ಗೋಲಿನಲ್ಲಿ ನಡೆಯುವುದು ಪಕ್ಕದೂರಿನ ಜಾತ್ರೆಯಂತೆ ಕಾಣುತ್ತದೆ. ಮುಂದಿನವನು ಆಟವನ್ನು ನೋಡದೆ ಮೊಬೈಲ್ ಎತ್ತಿ ಹಿಡಿದಿದ್ದ, ನಾನು ಅವನ ಮೊಬೈಲಿನಲ್ಲಿ ನೋಡಿದ್ದೇ ಹೆಚ್ಚು. ತೊಂಬತ್ತು ನಿಮಿಷಕ್ಕೂ ಗೋಲಿಲ್ಲ. ಹೆಚ್ಚುವರಿ ಆಟ ಶುರುವಾಯಿತು. ತೊಂಬತ್ತೇಳನೆಯ ನಿಮಿಷದ ಸುಮಾರಿಗೆ ನಮಗೊಂದು ಫ್ರೀ ಕಿಕ್ ಸಿಕ್ಕಿತು. ಅವರು ಚೆಂಡಿಗೆ ಅಡ್ಡಲಾಗಿ ಸಾಲು ನಿಂತು ಗೋಡೆ ಕಟ್ಟಬೇಕು, ರೆಫರಿ ದೂರ ಅಳೆಯಬೇಕು, ಒದೆಯುವ ನಮ್ಮ ಛೆಟ್ರಿ ಯೋಚಿಸಬೇಕು. ಎಷ್ಟಿಲ್ಲವೆಂದರೂ ಒಂದು ನಿಮಿಷವಿದೆ ಎಂದುಕೊಂಡು ಕೈಜಾರಿ ಬಿದ್ದಿದ್ದ ಕಡಲೆಕಾಯಿಯ ಪೊಟ್ಟಣ ಎತ್ತಿಕೊಳ್ಳಲು ಬಗ್ಗಿದೆ.

ಕಾಲುಗಳ ಕಾಡಿನಲ್ಲಿ ನನ್ನ ಕೈ ಪೊಟ್ಟಣ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಇಡೀ ಕ್ರೀಡಾಂಗಣ ಸಿಡಿಯಿತು. ಎದ್ದು ನೋಡಿದರೆ ಚೆಂಡು ಬಲೆಯೊಳಗಿದೆ, ಛೆಟ್ರಿ ಓಡುತ್ತಿದ್ದಾರೆ, ಹಳದಿಯವರು ರೆಫರಿಯನ್ನು ಸುತ್ತಿಕೊಂಡಿದ್ದಾರೆ. ಗೋಡೆ ನಿಲ್ಲುವ ಮೊದಲೇ ಒದ್ದುಬಿಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲಿ ಬ್ಲಾಸ್ಟರ್ಸ್ ತರಬೇತುದಾರ ತಮ್ಮವರನ್ನೆಲ್ಲ ಮೈದಾನದಿಂದ ಹೊರಗೆ ಕರೆದೊಯ್ದರು. ಅವರು ಮರಳಲಿಲ್ಲ, ಪಂದ್ಯ 1-0 ಎಂದು ಮುಗಿಯಿತು. ನಮ್ಮ ದೇಶದ ಲೀಗ್ ಆದ ಐಎಸ್ಎಲ್‌ನಲ್ಲಿ ವಿಎಆರ್ ಇರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅದು ಇದ್ದಿದ್ದರೆ ಎಂದುಕೊಂಡೆ, ನ್ಯಾಯಕ್ಕಾಗಿ ಅಲ್ಲ, ಇನ್ನೊಮ್ಮೆ ತೋರಿಸುತ್ತಿದ್ದರಲ್ಲ ಎಂದು. ಮುಂದಿನವನನ್ನು ಮೊಬೈಲಿನಲ್ಲಿ ಹಿಡಿದಿದ್ದೀರಾ ಎಂದು ಕೇಳಿದೆ. ಆ ಹೊತ್ತಿಗೆ ಬ್ಯಾಟರಿ ಸತ್ತಿತ್ತಂತೆ.

ಮನೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಮೂವರಲ್ಲಿ ಕಿರಿಯವನು, ಯೂರೋಪಿನ ಮಟ್ಟಿಗೆ ಲಿವರ್‌ಪೂಲ್ ಭಕ್ತ, ಹಳದಿ ಅಂಗಿಯಲ್ಲೇ ಮೆಟ್ಟಿಲ ಮೇಲೆ ಕುಳಿತಿದ್ದ.

"ಅಂಕಲ್, ನೀವು ಅಲ್ಲೇ ಇದ್ದಿರಲ್ಲ. ನಿಜ ಹೇಳಿ, ರೆಫರಿ ಸೀಟಿ ಊದಿದರೇ?"

"ನನಗೆ ಕಾಣಲಿಲ್ಲಪ್ಪ. ಕಡಲೆಕಾಯಿ ಕೆಳಗೆ ಬಿದ್ದಿತ್ತು."

ಅವನು ನನ್ನನ್ನು ಬಹಳ ಹೊತ್ತು ನೋಡಿದ. "ಪರವಾಗಿಲ್ಲ ಅಂಕಲ್. ನೀವು ಬೆಂಗಳೂರಿನವರು ತಾನೇ" ಎಂದು ಎದ್ದು ಮೇಲೆ ಹೋದ.

ಎರಡು ದಿನ ಕಳೆದು ಭಾನುವಾರ ರಾತ್ರಿ ಲಿವರ್‌ಪೂಲ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಏಳು ಗೋಲು ಹಾಕಿತು. ಮೇಲೆ ಒಂದು ಹೆಜ್ಜೆಯ ಸದ್ದೂ ಇಲ್ಲ. ಒಂದು, ಎರಡು, ಮೂರು, ಎಲ್ಲವೂ ನನ್ನ ಟೀವಿಯಲ್ಲೇ ಮೊದಲು ಆದವು. ನಾಲ್ಕನೆಯದಾದ ಮೇಲೆ ನಾನು ಟೀವಿಯ ಸದ್ದು ತಗ್ಗಿಸಿ ಸೂರಿನ ಕಡೆ ನೋಡಿದೆ. ಆರನೆಯದಕ್ಕೂ ಮೌನ. ಎಂಬತ್ತೆಂಟನೆಯ ನಿಮಿಷ ಸಮೀಪಿಸುತ್ತಿತ್ತು. ಅದೇ ಕಂಕುಳಿನ ಫರ್ಮಿನೊ ನನ್ನ ಪರದೆಯಲ್ಲಿ ಇನ್ನೂ ಗೋಲಿನ ಹತ್ತಿರವೂ ಸುಳಿದಿರಲಿಲ್ಲ. ಮೇಲೆ ಒಂದು ಕುರ್ಚಿ ಮೆಲ್ಲಗೆ ಸರಿಯಿತು.