ಸತ್ಯಾಂಶ: ಹೈಡ್ರೋಜನ್ ಜಾಸ್ತಿ ಇದ್ದರೆ ಆಮ್ಲ ಜೋರಾ?

ತುಮಕೂರಿನ ಪಿಯು ಮಕ್ಕಳ ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ: "ಅಣುವಿನಲ್ಲಿ ಹೈಡ್ರೋಜನ್ ಜಾಸ್ತಿ ಇದ್ದಷ್ಟೂ ಆಮ್ಲ ಪ್ರಬಲ." ಇದು ತಪ್ಪು.

ಮದ್ಯದಲ್ಲಿರುವ ಎಥನಾಲ್‌ನಲ್ಲಿ 6 ಹೈಡ್ರೋಜನ್, ವಿನೆಗರ್‌ನ ಅಸಿಟಿಕ್ ಆಮ್ಲದಲ್ಲಿ 4. ಆದರೆ ಆಮ್ಲದ ಬಲ ತೋರಿಸುವ ಸಂಖ್ಯೆ ಪಿಕೆಎ (pKa) ನೋಡಿ: ಎಥನಾಲ್ ಸುಮಾರು 16, ಅಸಿಟಿಕ್ ಆಮ್ಲ 4.76. ಪಿಕೆಎ ಕಡಿಮೆಯಾದಷ್ಟೂ ಆಮ್ಲ ಜೋರು; 1 ಕಡಿಮೆಯಾದರೆ ಬಲ 10 ಪಟ್ಟು. ವ್ಯತ್ಯಾಸ ಸುಮ್ನೆ ಅಲ್ಲ, 1ರ ಮುಂದೆ 11 ಸೊನ್ನೆಯಷ್ಟು ಪಟ್ಟು!

ಹೈಡ್ರೋಜನ್ ಅಯಾನು ಬಿಟ್ಟುಹೋದ ಮೇಲೆ ಉಳಿಯುವ ಋಣ ಆವೇಶ ಎಷ್ಟು ನೆಮ್ಮದಿಯಾಗಿರುತ್ತದೆ ಅನ್ನುವುದೇ ಮುಖ್ಯ. ಅಸಿಟಿಕ್ ಆಮ್ಲ ಹೀಗೆ ಬಿಟ್ಟುಕೊಟ್ಟ ಮೇಲೆ ಉಳಿಯುವ ಅಸಿಟೇಟ್‌ನಲ್ಲಿ ಆ ಹೊರೆಯನ್ನು ಎರಡು ಆಕ್ಸಿಜನ್ ಹಂಚಿಕೊಳ್ಳುತ್ತವೆ. ಎಥನಾಲ್‌ನಲ್ಲಿ ಒಂದೇ ಹೊರಬೇಕು. ಪಕ್ಕದಲ್ಲಿ ಎಲೆಕ್ಟ್ರಾನ್ ಎಳೆಯುವ ಗುಂಪಿದ್ದರೆ ಹೊರೆ ಇನ್ನೂ ಹಗುರ.

ನಮ್ಮ ಹುಣಸೆಹಣ್ಣನ್ನೇ ತಗೊಳ್ಳಿ. ಅದರ ಟಾರ್ಟಾರಿಕ್ ಆಮ್ಲದ ಪಿಕೆಎ ಸುಮಾರು 3, ವಿನೆಗರ್‌ನದಕ್ಕಿಂತ ಜೋರು. ಅದರಲ್ಲಿರುವ ಹೈಡ್ರೋಜನ್ ಎಷ್ಟು ಗೊತ್ತಾ? 6. ಎಥನಾಲ್‌ನಷ್ಟೇ!